ಸರಿ ಮಾಡಿ, ವಾಪಸ್ ತೆಗೆದು, ಹನ್ನೊಂದು ವರ್ಷ ಬಿಟ್ಟಿದ್ದ ಬಗ್

2005ರ ಆಗಸ್ಟ್ ಮೊದಲ ವಾರದಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ಗೆ ಒಂದು ಚಿಕ್ಕ ಕಮಿಟ್ (ಕಾರಣ ಬರೆದು ಸೇರಿಸೋ ಕೋಡ್ ಬದಲಾವಣೆ) ಹಾಕಿದ್ರು. ಗೆಟ್-ಯೂಸರ್-ಪೇಜಸ್ ಅನ್ನೋ ಫಂಕ್ಷನ್‌ನಲ್ಲಿ ಒಂದು ರೇಸ್ ಇದೆ (ಎರಡು ಕೆಲಸ ಒಂದೇ ಹೊತ್ತಿಗೆ ನಡೆದು ಒಂದಕ್ಕೊಂದು ಅಡ್ಡ ಬರೋ ತಪ್ಪು), ಬರೆಯೋಕೆ ಅಂತ ಶುರುವಾದ ಕೆಲಸದ ಮಧ್ಯೆ ಇನ್ನೊಂದು ಥ್ರೆಡ್ (ಜೊತೆಜೊತೆಗೇ ಓಡೋ ಇನ್ನೊಂದು ಕೆಲಸದ ಎಳೆ) ಬಂದು ಪೇಜ್ ಟೇಬಲ್ (ಮೆಮೊರಿಯ ಯಾವ ಪುಟ ಎಲ್ಲಿದೆ ಅನ್ನೋ ಪಟ್ಟಿ) ಬದಲಾಯಿಸಿದ್ರೆ ಅದೇ ಕೆಲಸ ಎರಡನೇ ಸಲ ಬರೀ ಓದೋ ಕೆಲಸವಾಗಿ ಶುರುವಾಗುತ್ತೆ, ಆಗ ಕಾಪಿ ಆಗದೇ ಇರೋ ಪೇಜ್ ಮೇಲೇ ಬರೆದುಬಿಡೋ ಸಾಧ್ಯತೆ ಥಿಯರಿಯಲ್ಲಾದ್ರೂ ಇದೆ. ಇಷ್ಟು ಆ ಕಮಿಟ್ ಮೆಸೇಜ್‌ನ ಸಾರ. ಕರ್ನಲ್ ಸೋರ್ಸ್, ಕೋಡ್ ಬದಲಾವಣೆಗಳ ಇತಿಹಾಸ ಇಡೋ ಗಿಟ್‌ಗೆ ಬಂದು ಆಗಿನ್ನೂ ನಾಲ್ಕು ತಿಂಗಳಾಗಿತ್ತು ಅಷ್ಟೇ, ಹಾಗಾಗಿ ಈ ಕಮಿಟ್ ಇವತ್ತಿಗೂ ಯಾರು ಬೇಕಾದ್ರೂ ತೆಗೆದು ಓದಬಹುದು.

ಎರಡು ಮೂರು ದಿನದಲ್ಲೇ ಆ ಫಿಕ್ಸ್‌ನ ಮುಖ್ಯ ಭಾಗ ವಾಪಸ್ ಹೋಯ್ತು. ಅದಾದ ಮೇಲೆ ಹನ್ನೊಂದು ವರ್ಷ ಆ ಜಾಗ ಹಾಗೇ ಇತ್ತು. 2016ರ ಅಕ್ಟೋಬರ್‌ನಲ್ಲಿ ಅದೇ ಬಗ್ ಸಿವಿಇ-2016-5195 ಅನ್ನೋ ನಂಬರ್ (ಭದ್ರತಾ ದೋಷಗಳಿಗೆ ಕೊಡೋ ಗುರುತಿನ ಸಂಖ್ಯೆ) ಮತ್ತು ಡರ್ಟಿ ಕೌ ಅನ್ನೋ ಹೆಸರಿನ ಜೊತೆ ಹೊರಗೆ ಬಂತು, ಅಷ್ಟೊತ್ತಿಗೆ ಯಾರೋ ಅದನ್ನ ಬಳಸಿ ನಿಜವಾದ ಸರ್ವರ್‌ಗಳಿಗೆ ನುಗ್ಗೋಕೂ ಶುರು ಮಾಡಿದ್ರು.

ನಾನು ಸರ್ವರ್ ನೋಡಿಕೊಳ್ಳೋ ಕೆಲಸದವನು, ಕರ್ನಲ್ ಡೆವಲಪರ್ ಅಲ್ಲ. ಆದ್ರೆ ಕರ್ನಲ್ ಕಮಿಟ್ ಮೆಸೇಜ್‌ಗಳನ್ನ ಓದೋದು ನನಗೆ ಬಹಳ ಇಷ್ಟ, ಅದ್ರಲ್ಲೂ ಈ ಬಗ್‌ನ ಮೂರು ಕಮಿಟ್‌ಗಳನ್ನ (2005ರ ಎರಡು, 2016ರ ಒಂದು) ಒಂದರ ಪಕ್ಕ ಒಂದು ಇಟ್ಕೊಂಡು ಓದಿದ್ರೆ, "ಬಚ್ಚಿಟ್ಟುಕೊಂಡಿದ್ದ ಬಗ್" ಅಂತ ನಾವು ಸುಮ್ನೆ ಹೇಳಿಬಿಡ್ತೀವಲ್ಲ, ಆ ಮಾತನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕು ಅನ್ಸುತ್ತೆ. ಇದು ಯಾರ ಕಣ್ಣಿಗೂ ಬೀಳದೇ ಇದ್ದ ಬಗ್ ಅಲ್ವೇ ಅಲ್ಲ. ಕರ್ನಲ್ ಬರೆದವರೇ ನೋಡಿದ್ರು, ಏನಾಗಬಹುದು ಅಂತ ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ರು, ರಿಪೇರಿನೂ ಮಾಡಿದ್ರು.

ಬಗ್ ಏನು ಅಂತ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಅದು ಅರ್ಥ ಆಗದೆ ಉಳಿದ ಕಥೆಗೆ ರುಚಿ ಇಲ್ಲ.

ಲಿನಕ್ಸ್‌ನಲ್ಲಿ ಒಂದು ಫೈಲನ್ನ ಮೆಮೊರಿಗೆ ಮ್ಯಾಪ್ ಮಾಡಿಕೊಂಡಾಗ ಅದರ ಪೇಜ್‌ಗಳು ಕರ್ನಲ್‌ನ ಪೇಜ್ ಕ್ಯಾಶ್‌ನಲ್ಲಿ ಒಂದೇ ಪ್ರತಿ ಇರುತ್ತೆ, ಆ ಫೈಲ್ ಬೇಕಾದ ಎಲ್ಲಾ ಪ್ರೋಸೆಸ್‌ಗಳೂ ಅದನ್ನೇ ಹಂಚಿಕೊಳ್ತವೆ. ಪ್ರೈವೇಟ್ ಆಗಿ ಮ್ಯಾಪ್ ಮಾಡಿಕೊಂಡವನು ಬರೆಯೋಕೆ ಹೋದ್ರೆ ಕರ್ನಲ್ ಆ ಪೇಜಿನ ಒಂದು ಕಾಪಿ ಮಾಡಿ, "ತಗೋ, ಇದರ ಮೇಲೆ ಬರ್ಕೋ" ಅಂತ ಅವನ ಕೈಗೆ ಕೊಡುತ್ತೆ, ಮೂಲಕ್ಕೆ ಏನೂ ಆಗಲ್ಲ. ಕಾಪಿ-ಆನ್-ರೈಟ್, ಚಿಕ್ಕದಾಗಿ ಕೌ, ಅಂದ್ರೆ ಇದೇ. ಮ್ಯಾಪ್ ಮಾಡಿಕೊಂಡಿದ್ದೇ ಬರೀ ಓದೋಕೆ ಮಾತ್ರ ಅಂತಾದ್ರೆ ಸಾಮಾನ್ಯವಾಗಿ ಬರೆಯೋಕೆ ಬಿಡೋದೇ ಇಲ್ಲ, ಪ್ರೋಗ್ರಾಮ್ ಅಲ್ಲೇ ಸತ್ತುಹೋಗುತ್ತೆ.

ಆದ್ರೆ ಒಂದು ವಿನಾಯಿತಿ ಇದೆ, ಪ್ರೋಗ್ರಾಮಿನ ತಪ್ಪು ಹುಡುಕೋ ಡೀಬಗರ್‌ಗಳಿಗೋಸ್ಕರ. ಜಿಡಿಬಿ ಅನ್ನೋ ಡೀಬಗರ್‌ನಲ್ಲಿ ಒಂದು ಬ್ರೇಕ್‌ಪಾಯಿಂಟ್ (ಪ್ರೋಗ್ರಾಮ್ ನಿಲ್ಲಬೇಕಾದ ಜಾಗ) ಇಡ್ತೀರಿ ಅಂದ್ಕೊಳ್ಳಿ. ಜಿಡಿಬಿ ಏನು ಮಾಡುತ್ತೆ ಅಂದ್ರೆ ಪ್ರೋಗ್ರಾಮಿನ ಕೋಡ್ ಇರೋ ಜಾಗದಲ್ಲೇ ಒಂದು ಟ್ರ್ಯಾಪ್ ಇನ್‌ಸ್ಟ್ರಕ್ಷನ್ ಬರೆಯುತ್ತೆ. ಕೋಡ್ ಪೇಜ್‌ಗಳೋ ಓದೋಕೆ ಮಾತ್ರ ಇರೋವು. ಹಾಗಾಗಿ "ಅನುಮತಿ ಇಲ್ಲದಿದ್ರೂ ಬಲವಂತವಾಗಿ ಬರೆಯೋಕೆ ಬಿಡು, ಆದ್ರೆ ನನ್ನ ಕಾಪಿ ಮೇಲೆ ಮಾತ್ರ" ಅನ್ನೋ ಒಂದು ದಾರಿ ಕರ್ನಲ್‌ನಲ್ಲಿ ಬೇಕೇ ಬೇಕು, ಇಲ್ಲ ಅಂದ್ರೆ ನೀವು ಒಂದು ಪ್ರೋಗ್ರಾಮ್‌ಗೆ ಬ್ರೇಕ್‌ಪಾಯಿಂಟ್ ಇಟ್ರೆ ಆ ಮಷಿನ್‌ನಲ್ಲಿ ಅದೇ ಪ್ರೋಗ್ರಾಮ್ ಓಡಿಸ್ತಿರೋ ಎಲ್ಲರೂ ಅಲ್ಲೇ ನಿಂತುಬಿಡ್ತಾರೆ. ಈ ಬಲವಂತದ ದಾರಿಗೆ ಫಾಲ್-ಫೋರ್ಸ್ ಅನ್ನೋ ಫ್ಲ್ಯಾಗ್. ಡೀಬಗರ್‌ಗಳು ಬಳಸೋ ಪಿ-ಟ್ರೇಸ್ ಅನ್ನೋ ಕರ್ನಲ್ ಸೌಲಭ್ಯ ಇದನ್ನ ಬಳಸುತ್ತೆ, ಪ್ರಾಕ್ ಫೋಲ್ಡರ್ ಕೆಳಗಿರೋ, ಪ್ರೋಸೆಸ್‌ನ ಮೆಮೊರಿಯನ್ನೇ ಫೈಲ್ ಥರ ತೋರಿಸೋ ಮೆಮ್ ಅನ್ನೋ ಫೈಲ್‌ಗೆ ಬರೆದಾಗಲೂ ಇದೇ ದಾರಿ. ಡರ್ಟಿ ಕೌ ಒಳಗೆ ಬಂದಿದ್ದು ಈ ಬಾಗಿಲಿಂದ.

ಇದನ್ನ ನಮ್ಮ ಟೀಮಿಗೆ ಹೊಸದಾಗಿ ಬಂದವರಿಗೆ ಹೇಳುವಾಗ ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ಕಥೆ ಹೇಳ್ತೀನಿ. ನೀವು ಚೀಟಿ ಕೊಡ್ತೀರಿ, "ಈ ರಿಜಿಸ್ಟರ್‌ನ ಇಂಥ ಪುಟ ಬೇಕು, ಬರೆಯೋಕೆ" ಅಂತ. ಗುಮಾಸ್ತರು ಮೂಲ ಪುಟ ಕೊಡಲ್ಲ, ಜೆರಾಕ್ಸ್ ಮಾಡಿಸಿ ಮೇಜಿನ ಮೇಲೆ ಇಡ್ತಾರೆ. ಕಾಪಿ ಆಯ್ತಲ್ಲ, ಇನ್ನು ಮತ್ತೆ ಜೆರಾಕ್ಸ್ ಮಾಡಿಸೋ ಹಾಗಿಲ್ಲ ಅಂತ ಚೀಟಿಯಲ್ಲಿದ್ದ "ಬರೆಯೋಕೆ" ಅನ್ನೋದನ್ನ ಹೊಡೆದು ಹಾಕ್ತಾರೆ. ಅವರು ಅತ್ತ ತಿರುಗಿ ಇತ್ತ ತಿರುಗೋದ್ರೊಳಗೆ ನಿಮ್ಮ ಜೊತೆ ಬಂದವನು ಮೇಜಿನ ಮೇಲಿದ್ದ ಜೆರಾಕ್ಸ್ ಎತ್ತಿ ಕಸದ ಬುಟ್ಟಿಗೆ ಹಾಕಿಬಿಡ್ತಾನೆ. ಗುಮಾಸ್ತರು ಮೇಜು ನೋಡ್ತಾರೆ, ಹಾಳೆ ಇಲ್ಲ. ಚೀಟಿ ನೋಡ್ತಾರೆ, ಬರೀ "ಪುಟ ಬೇಕು" ಅಂತ ಇದೆ. ಸರಿ ಅಂತ ಮೂಲ ರಿಜಿಸ್ಟರನ್ನೇ ತಂದು ನಿಮ್ಮ ಮುಂದೆ ಇಡ್ತಾರೆ. ಪೆನ್ನು ನಿಮ್ಮ ಕೈಯಲ್ಲೇ ಇದೆ.

ಕರ್ನಲ್‌ನಲ್ಲಿ ಆ ಜೊತೆಗಾರ ಅಂದ್ರೆ ಇನ್ನೊಂದು ಥ್ರೆಡ್, ಅದು ಎಮ್-ಅಡ್ವೈಸ್ ಅನ್ನೋ ಸಿಸ್ಟಮ್ ಕಾಲ್ ಮೂಲಕ "ನನಗೆ ಈ ಪೇಜ್ ಬೇಡ" ಅಂತ ಲೂಪ್‌ನಲ್ಲಿ ಹೇಳ್ತಾನೇ ಇರುತ್ತೆ. ಚೀಟಿಯಲ್ಲಿ ಹೊಡೆದು ಹಾಕಿದ ಪದ ಫಾಲ್-ರೈಟ್ ಫ್ಲ್ಯಾಗ್. ಅದನ್ನ ಹೊಡೆದು ಹಾಕೋಕೆ ಒಂದು ನ್ಯಾಯವಾದ ಕಾರಣನೂ ಇತ್ತು: ಈ ಮ್ಯಾಪಿಂಗ್ ಓದೋಕೆ ಮಾತ್ರ ಇರೋದ್ರಿಂದ, ಕಾಪಿ ಆದ ಮೇಲೂ ಪೇಜ್ ಟೇಬಲ್‌ನಲ್ಲಿ "ಬರೆಯಬಹುದು" ಅನ್ನೋ ಬಿಟ್ ಯಾವತ್ತೂ ಸೆಟ್ ಆಗಲ್ಲ, ಅಂದಮೇಲೆ ಫಾಲ್-ರೈಟ್ ಹಾಗೇ ಇದ್ರೆ ಕರ್ನಲ್ ಮತ್ತೆ ಮತ್ತೆ ಅದೇ ಪೇಜನ್ನ ಕೇಳ್ತಾ ಕೂರುತ್ತೆ, ಲೂಪ್ ಮುಗಿಯೋದೇ ಇಲ್ಲ. ಅದಕ್ಕೆ ಕಾಪಿ ಆದ ತಕ್ಷಣ ಆ ಫ್ಲ್ಯಾಗ್ ತೆಗೆಯೋದು.

ಸುದ್ದಿ ಬಂದ ವಾರ ಕಂಪ್ಯೂಟರ್ ಒಳಗೇ ಓಡೋ ನಕಲಿ ಕಂಪ್ಯೂಟರ್, ಅಂದ್ರೆ ಒಂದು ಖಾಲಿ ವಿಎಮ್‌ನಲ್ಲಿ ಇದನ್ನ ಓಡಿಸಿ ನೋಡಿದೆ. ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಒಂದು ಫೈಲ್ ಮಾಡಿ ಅದರಲ್ಲಿ ಒಂದು ಸಾಲು ಬರೆದು, ಬೇರೆಯವರಿಗೆ ಓದೋಕೆ ಮಾತ್ರ ಅನುಮತಿ ಕೊಟ್ಟೆ. ಆಮೇಲೆ ಸಾಮಾನ್ಯ ಯೂಸರ್ ಆಗಿ ಲಾಗಿನ್ ಆಗಿ ಅದಕ್ಕೆ ಬರೆಯೋಕೆ ನೋಡಿದೆ, ಪರ್ಮಿಷನ್ ಡಿನೈಡ್. ಇದು ಸರಿ. ನಂತರ ಎಲ್ಲರ ಕೈಗೂ ಸಿಕ್ಕಿದ್ದ ಆ ಪುಟ್ಟ ಸಿ ಪ್ರೋಗ್ರಾಮನ್ನ ಕಂಪೈಲ್ ಮಾಡಿ ಓಡಿಸಿದೆ, ಅದರಲ್ಲಿ ಇರೋದೇ ಎರಡು ಥ್ರೆಡ್, ಒಂದು ಬರೀತಾ ಇರುತ್ತೆ, ಇನ್ನೊಂದು ಪೇಜ್ ಬಿಸಾಡ್ತಾ ಇರುತ್ತೆ. ಇನ್ನೊಂದು ಟರ್ಮಿನಲ್‌ನಲ್ಲಿ ಕ್ಯಾಟ್ ಕಮಾಂಡ್ ಹೊಡೆದು ಆ ಫೈಲ್ ನೋಡಿದ್ರೆ ನಾನು ರೂಟ್ ಆಗಿ ಬರೆದ ಸಾಲು ಇಲ್ಲ, ಅದರ ಜಾಗದಲ್ಲಿ ಒಂದು ಎಮ್ ಅಕ್ಷರ ಮತ್ತು ಸಾಲಾಗಿ ಸೊನ್ನೆಗಳು. ಫೈಲಿನ ಓನರ್ ರೂಟೇ, ಪರ್ಮಿಷನ್ ಅದೇ, ಸೈಜ್ ಅದೇ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ನಾನು ಇಷ್ಟು ವರ್ಷ ಯಾವುದನ್ನ ನೆಲ ಅಂತ ನಂಬಿ ಅದರ ಮೇಲೆ ನಿಂತಿದ್ದೆನೋ, ಅಂದ್ರೆ ಫೈಲಿನ ಪರ್ಮಿಷನ್ ಬಿಟ್, ಅದಕ್ಕೆ ಅರ್ಥವೇ ಇಲ್ಲ ಅಂತ ಆ ಕಪ್ಪು ಸ್ಕ್ರೀನ್ ಹೇಳ್ತಿತ್ತು. ಆ ಸೊನ್ನೆಗಳ ಜಾಗದಲ್ಲಿ ಪಾಸ್‌ವರ್ಡ್ ಫೈಲಿನ ಒಂದು ಸಾಲು ಇಟ್ರೆ ಮುಗೀತು, ಯಾರು ಬೇಕಾದ್ರೂ ರೂಟ್.

ಈಗ 2005ಕ್ಕೆ ವಾಪಸ್ ಬರೋಣ, ಯಾಕೆ ಆ ಮೊದಲ ಫಿಕ್ಸ್ ನಿಲ್ಲಲಿಲ್ಲ ಅನ್ನೋದಕ್ಕೆ.

ಲಿನಸ್ ಮಾಡಿದ್ದ ಉಪಾಯ ಸರಳವಾಗಿತ್ತು. ಬರೆಯೋ ಕೆಲಸ ಎಷ್ಟು ಸಲ ಮರುಪ್ರಯತ್ನ ಆದ್ರೂ ಬರೆಯೋ ಕೆಲಸವಾಗೇ ಇರಲಿ, ಮತ್ತೆ ಪೇಜ್ ಕೊಡೋ ಮುಂಚೆ ಅದರ ಪೇಜ್ ಟೇಬಲ್ ಎಂಟ್ರಿಯಲ್ಲಿ ಡರ್ಟಿ ಬಿಟ್ (ಈ ಪೇಜ್ ಮೇಲೆ ಬರೆದಾಗಿದೆ ಅನ್ನೋ ಗುರುತು) ಇದೆಯಾ ಅಂತ ನೋಡು, ಇದ್ರೆ ಅದು ಬರೆಯೋಕೆ ಅಂತಲೇ ತಯಾರಾದ ಪೇಜ್. ಸಾಮಾನ್ಯ ಪಿಸಿಗಳ ಎಕ್ಸ್86ನಲ್ಲಿ ಇದು ನಡೆಯುತ್ತೆ. ಆದ್ರೆ ಐಬಿಎಮ್ ಮೇನ್‌ಫ್ರೇಮ್‌ಗಳ ಎಸ್390 ಆರ್ಕಿಟೆಕ್ಚರ್‌ನಲ್ಲಿ ಡರ್ಟಿ ಅನ್ನೋ ಮಾಹಿತಿ ಪೇಜ್ ಟೇಬಲ್‌ನಲ್ಲಿ ಇರೋದೇ ಇಲ್ಲ, ಅದು ಪ್ರತಿ ಫಿಸಿಕಲ್ ಪೇಜಿನ ಜೊತೆ ಇರೋ ಸ್ಟೋರೇಜ್ ಕೀನಲ್ಲಿ ಇರುತ್ತೆ. ಆಗಿನ ಎಸ್390 ಕೋಡ್‌ನಲ್ಲಿ "ಈ ಎಂಟ್ರಿ ಡರ್ಟಿನಾ" ಅಂತ ಕೇಳೋ ಫಂಕ್ಷನ್ ಇತ್ತು, ಅದು ಯಾವಾಗ್ಲೂ ಸೊನ್ನೆ ವಾಪಸ್ ಕೊಡ್ತಿತ್ತು. ಅಂದ್ರೆ ಲಿನಸ್ ಹಾಕಿದ ಫಿಕ್ಸ್ ಆ ಮಷಿನ್‌ನಲ್ಲಿ ಓಡಿದ್ರೆ ಉತ್ತರ ಯಾವತ್ತೂ ಹೌದು ಅಂತ ಬರಲ್ಲ, ಲೂಪ್ ಯಾವತ್ತೂ ಮುಗಿಯಲ್ಲ. ಬ್ಯಾಂಕುಗಳು ನಂಬಿಕೊಂಡಿರೋ ಮಷಿನ್‌ಗಳವು, ಅವನ್ನ ಹ್ಯಾಂಗ್ ಆಗೋಕೆ ಬಿಡೋಕಾಗುತ್ತಾ?

ಹಾಗಾಗಿ ಕರ್ನಲ್ ಡೆವಲಪರ್ ನಿಕ್ ಪಿಗ್ಗಿನ್ ಬರೆದ ಎರಡನೇ ಕಮಿಟ್ ಬಂತು. ಡರ್ಟಿ ಬಿಟ್ ನೋಡೋದು ಎಸ್390ಗೆ ತೊಂದರೆ ಅಂತ ಹೇಳಿ ಆ ಚೆಕ್ ತೆಗೆದು ಹಳೇ ಚೆಕ್ ವಾಪಸ್ ಹಾಕಿ, ಕಾಪಿ ಆದ ಮೇಲೆ "ನನ್ನ ಕೆಲಸ ಮುಗೀತು" ಅಂತ ಹೇಳೋ ಹೊಸ ಸಂಕೇತ ಒಂದನ್ನ ತಂದ್ರು. ಆ ಸಂಕೇತ ಬಂದ ತಕ್ಷಣ ಚೀಟಿಯಲ್ಲಿನ "ಬರೆಯೋಕೆ" ಹೋಗುತ್ತೆ. ಆ ಕಮಿಟ್ ಮೆಸೇಜ್‌ನಲ್ಲೂ ಕಾರಣ ಪ್ರಾಮಾಣಿಕವಾಗಿ ಬರೆದಿದೆ, ಮುಚ್ಚುಮರೆ ಏನಿಲ್ಲ. ಎರಡನ್ನೂ ಓದಿದ ಮೇಲೆ ನನಗೆ ಅನ್ನಿಸೋದು, ಆ ವಾರದಲ್ಲಿ ಅವರ ಜಾಗದಲ್ಲಿ ಯಾರೇ ಇದ್ರೂ ಇದೇ ಮಾಡ್ತಿದ್ರು. ಒಂದು ಕಡೆ ಖಂಡಿತ ಆಗೋ ಹ್ಯಾಂಗ್, ಇನ್ನೊಂದು ಕಡೆ ಆದ್ರೂ ಆಗಬಹುದು ಅನ್ನೋ ರೇಸ್. ಆ ವರ್ಷ ಸಾಮಾನ್ಯ ಡೆಸ್ಕ್‌ಟಾಪ್‌ಗೆ ಡ್ಯುಯಲ್ ಕೋರ್ ಅನ್ನೋದೇ ಆಗಷ್ಟೇ ಬಂದಿತ್ತು, ಇಂಟೆಲ್ ಪೆಂಟಿಯಮ್ ಡಿ, ಎಎಮ್‌ಡಿ ಅಥ್ಲಾನ್ 64 ಎಕ್ಸ್2, ಎರಡೂ 2005ರ ಮೇ ತಿಂಗಳಲ್ಲಿ ಬಂದಿದ್ದು. ಎರಡು ಥ್ರೆಡ್ ಸರಿಯಾಗಿ ಅದೇ ಕ್ಷಣಕ್ಕೆ ಒಂದರ ಕಾಲಿಗೆ ಒಂದು ಸಿಕ್ಕಿಕೊಳ್ಳೋದು ಆವಾಗ ದೂರದ ಮಾತು.

ಆಮೇಲೆ ಏನಾಯ್ತು ಅಂದ್ರೆ, ಪ್ರಪಂಚ ಬದಲಾಯ್ತು, ಆ ನಿರ್ಧಾರ ಮಾತ್ರ ಹಾಗೇ ಉಳೀತು. 2007ರ 2.6.22 ಕರ್ನಲ್‌ನಿಂದ ಇದನ್ನ ನಿಜಕ್ಕೂ ದುರುಪಯೋಗ ಮಾಡ್ಕೋಬಹುದಿತ್ತು ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. 2011ರಲ್ಲಿ, 2.6.39ರ ಹೊತ್ತಿಗೆ, ಪ್ರಾಕ್ ಕೆಳಗಿನ ಮೆಮ್ ಫೈಲ್‌ಗೆ ಬರೆಯೋದಕ್ಕೆ ಮತ್ತೆ ಅವಕಾಶ ಕೊಟ್ರು, ಬಾಗಿಲು ಇನ್ನಷ್ಟು ಅಗಲ ಆಯ್ತು. ಎರಡು ಕೋರ್ ಹೋಗಿ ಜೇಬಿನಲ್ಲಿರೋ ಫೋನಿಗೇ ಎಂಟು ಕೋರ್ ಬಂತು, ಲಿನಸ್ಸೇ 2016ರ ಕಮಿಟ್‌ನಲ್ಲಿ ಬರೆದ ಹಾಗೆ ಆವತ್ತು ಬರೀ ಥಿಯರಿ ಆಗಿದ್ದ ರೇಸ್ ಈಗ ಸುಲಭವಾಗಿ ಆಗೋ ರೇಸ್ ಆಗಿತ್ತು.

ಇನ್ನು ನನ್ನನ್ನ ಹೆಚ್ಚು ಕಾಡೋ ವಿಷಯ. ಎಸ್390ಗೆ ಸಾಫ್ಟ್‌ವೇರ್‌ನಲ್ಲೇ ಡರ್ಟಿ ಬಿಟ್ ಇಡೋ ಕೋಡ್ 3.9 ಕರ್ನಲ್‌ಗೆ ಬಂತು, ಅಂದ್ರೆ 2013ರ ಏಪ್ರಿಲ್‌ಗೆ. ಯಾವ ಕಾರಣಕ್ಕೆ ಲಿನಸ್ ಹಾಕಿದ ಫಿಕ್ಸ್ ವಾಪಸ್ ತೆಗೆದಿದ್ರೋ ಆ ಕಾರಣ ಅವತ್ತಿಗೆ ಮುಗೀತು. ಅದಾದ ಮೇಲೂ ಮೂರೂವರೆ ವರ್ಷ ಬಗ್ ಇದ್ದೇ ಇತ್ತು. ಎಸ್390 ಕೋಡ್ ಬರೆದವರಿಗೆ ತಮ್ಮ ಬದಲಾವಣೆಯಿಂದ ಬೇರೆ ಕಡೆಯ ಒಂದು ಹಳೇ ರಿಪೇರಿ ಮತ್ತೆ ಸಾಧ್ಯ ಆಯ್ತು ಅಂತ ತಿಳಿಯೋಕೆ ದಾರಿ ಇರ್ಲಿಲ್ಲ, ಮೆಮೊರಿ ಕೋಡ್ ನೋಡ್ತಿದ್ದವರಿಗೆ ಎಸ್390ನಲ್ಲಿ ಏನು ಬದಲಾಯ್ತು ಅಂತ ದಿನಾ ನೋಡೋ ಅಗತ್ಯ ಇರ್ಲಿಲ್ಲ. ಎರಡನ್ನೂ ಕಟ್ಟಿದ್ದ ಒಂದೇ ಒಂದು ದಾರ ಅಂದ್ರೆ 2005ರ ಆ ಕಮಿಟ್ ಮೆಸೇಜ್, ಹಳೇ ಕಮಿಟ್ ಮೆಸೇಜ್ ಯಾರ ಮನೆ ಬಾಗಿಲಿಗೂ ತಾನಾಗೇ ಬಂದು ತಟ್ಟಲ್ಲ.

ಸಾಕಷ್ಟು ಕಣ್ಣುಗಳಿದ್ರೆ ಯಾವ ಬಗ್ಗೂ ಉಳಿಯಲ್ಲ ಅನ್ನೋ ಮಾತು ಓಪನ್ ಸೋರ್ಸ್ ಜಗತ್ತಿನಲ್ಲಿ ಲಿನಸ್ ಹೆಸರಲ್ಲೇ ಓಡಾಡುತ್ತೆ. ಓಪನ್ ಸೋರ್ಸ್‌ನಿಂದಲೇ ಅನ್ನ ತಿನ್ನೋನು ನಾನು, ಆ ಮಾತನ್ನ ಹಗುರ ಮಾಡೋ ಉದ್ದೇಶ ಇಲ್ಲ. ಆದ್ರೆ ಇಲ್ಲಿ ಕಣ್ಣಿಗೆ ಕೊರತೆ ಇರ್ಲಿಲ್ಲ. ಕೊರತೆ ಇದ್ದಿದ್ದು, "ಈ ಕಾರಣ ಇನ್ನೂ ಇದೆಯಾ" ಅಂತ ಎರಡನೇ ಸಲ ಕೇಳೋ ಒಬ್ಬ ಮನುಷ್ಯನಿಗೆ, ಆ ಕೆಲಸ ಯಾರ ಪಾಲಿಗೂ ಬಂದಿರ್ಲಿಲ್ಲ.

ಕೊನೆಗೆ ಇದು ಸಿಕ್ಕಿದ್ದೂ ಕೋಡ್ ಓದಿ ಅಲ್ಲ. ಫಿಲ್ ಓಸ್ಟರ್ ಅನ್ನೋರು ತಾವು ನೋಡಿಕೊಳ್ತಿದ್ದ ಸೈಟ್‌ಗಳಿಗೆ ಬರೋ ಎಚ್‌ಟಿಟಿಪಿ ಟ್ರಾಫಿಕ್ ಎಲ್ಲವನ್ನೂ ಕೆಲವು ವರ್ಷಗಳಿಂದ ಕ್ಯಾಪ್ಚರ್ ಮಾಡಿ ಇಟ್ಕೊಳ್ತಿದ್ರು. ಅವುಗಳಲ್ಲಿ ಒಂದು ಸೈಟ್‌ಗೆ ಯಾರೋ ನುಗ್ಗಿ ಒಂದು ಪ್ರೋಗ್ರಾಮ್ ಅಪ್‌ಲೋಡ್ ಮಾಡಿ ಓಡಿಸಿದ್ರು. ಓಸ್ಟರ್ ತಮ್ಮ ಕ್ಯಾಪ್ಚರ್‌ನಿಂದ ಆ ಪ್ರೋಗ್ರಾಮನ್ನೇ ಹೊರಗೆ ತೆಗೆದು, ಸ್ಯಾಂಡ್‌ಬಾಕ್ಸ್‌ನಲ್ಲಿ ಓಡಿಸಿ, ಇದು ಕರ್ನಲ್‌ನದ್ದೇ ಬಗ್ ಅಂತ ಗುರುತಿಸಿ ಹೇಳಿದ್ರು. ಡಿಸ್ಕ್ ದುಡ್ಡು ದಂಡ ಅಂತ ಬಹಳ ಜನ ಬೇಡ ಅನ್ನೋ ಅಭ್ಯಾಸ ಅದು. ನಮ್ಮ ಕೆಲಸದಲ್ಲಿ ಇಂಥ ಜನರನ್ನ ಯಾರೂ ಹೊಗಳೋದಿಲ್ಲ, ಸುಮ್ನೆ ಎಲ್ಲಾ ಎತ್ತಿಟ್ಕೊಳ್ಳೋರು ಅಂತಾರೆ, ನನಗಂತೂ ಈ ಇಡೀ ಕಥೆಯಲ್ಲಿ ಅತ್ಯಂತ ಗೌರವ ಬರೋದು ಅವರ ಮೇಲೆ.

2016ರ ಅಕ್ಟೋಬರ್‌ನ ಫಿಕ್ಸ್ ಹತ್ತು ಹದಿನೈದು ಸಾಲಿನದು. ಮೆಸೇಜ್ ಶುರುವಾಗೋದೇ ಇದು ಪುರಾತನ ಬಗ್, ಹನ್ನೊಂದು ವರ್ಷದ ಹಿಂದೆ ನಾನೇ ಒಂದು ಸಲ ಕೆಟ್ಟದಾಗಿ ಸರಿ ಮಾಡೋಕೆ ಹೋಗಿದ್ದೆ ಅಂತ. ಆಮೇಲೆ ಎರಡು ಹಳೇ ಕಮಿಟ್‌ಗಳ ಐಡಿ, ಎಸ್390 ಬದಲಾದ ಕಮಿಟ್‌ನ ಐಡಿ, ಅದು ಯಾವ ವರ್ಷನ್‌ಗೆ ಬಂತು ಅನ್ನೋದು, ಅದಕ್ಕಿಂತ ಹಳೇ ಕರ್ನಲ್ ಇಟ್ಕೊಂಡವರು ಬೇರೆ ರೀತಿ ನೋಡ್ಕೋಬೇಕು ಅನ್ನೋ ಎಚ್ಚರಿಕೆ, ಎಲ್ಲಾ ಇದೆ. ಕೋಡ್‌ನಲ್ಲಿ ಆಗಿದ್ದು ಇಷ್ಟು: "ಬರೆಯೋಕೆ" ಅನ್ನೋದನ್ನ ಹೊಡೆದು ಹಾಕೋ ಸಾಲು ಹೋಯ್ತು, ಅದರ ಬದಲು ಫಾಲ್-ಕೌ ಅನ್ನೋ ಹೊಸ ಫ್ಲ್ಯಾಗ್ ಬಂತು, ಚೀಟಿಯ ಮೇಲೆ "ಜೆರಾಕ್ಸ್ ಆಗಿದೆ" ಅಂತ ಪಕ್ಕದಲ್ಲಿ ಬರೆದ ಹಾಗೆ. ಮತ್ತೆ ಬರೀ ಆ ಬರಹ ನಂಬೋ ಹಾಗಿಲ್ಲ, ಕೈಗೆ ಬಂದ ಹಾಳೆ ನಿಜವಾಗ್ಲೂ ಜೆರಾಕ್ಸೇನಾ ಅಂತ ಅದರ ಡರ್ಟಿ ಬಿಟ್ ನೋಡಿ ಖಾತ್ರಿ ಮಾಡ್ಕೋಬೇಕು. ಯಾರಾದ್ರೂ ಮಧ್ಯದಲ್ಲಿ ಕಾಪಿ ಬಿಸಾಡಿದ್ರೆ ಡರ್ಟಿ ಬಿಟ್ ಇರಲ್ಲ, ಮತ್ತೆ ಮೊದಲಿಂದ. 2005ರ ಅದೇ ಯೋಚನೆ, ಈ ಸಲ ಇನ್ನೂ ಅಚ್ಚುಕಟ್ಟಾಗಿ.

ಅಕ್ಟೋಬರ್ 20ಕ್ಕೆ 4.8.3, 4.7.9, 4.4.26 ಮೂರೂ ಸ್ಟೇಬಲ್ ಕರ್ನಲ್‌ಗಳು ಬಂದ್ವು. ಆ ವರ್ಷ ದೀಪಾವಳಿ ತಿಂಗಳ ಕೊನೆಗಿತ್ತು, ಬೆಂಗಳೂರಿನಲ್ಲಿ ಊರಿಗೆ ಹೋಗೋಕೆ ಬಸ್ ಬುಕ್ ಮಾಡಿದ್ದ ಎಷ್ಟೋ ಅಡ್ಮಿನ್‌ಗಳು ಆ ಹತ್ತು ದಿನ ರೀಬೂಟ್ ಪಟ್ಟಿ ಹಿಡ್ಕೊಂಡೇ ಕಳೆದ್ರು. ರೀಬೂಟ್ ಮಾಡೋಕಾಗದ ಮಷಿನ್‌ಗಳಿಗೆ ಲಿನಕ್ಸ್ ಕಂಪನಿ ರೆಡ್ ಹ್ಯಾಟ್, ಓಡ್ತಿರೋ ಕರ್ನಲ್‌ಗೇ ಸೇರಿಸೋ ಒಂದು ಸಿಸ್ಟಮ್‌ಟ್ಯಾಪ್ ಸ್ಕ್ರಿಪ್ಟ್ ಕೊಟ್ಟಿತ್ತು, ಪ್ರಾಕ್-ಮೆಮ್‌ಗೆ ಬರೆಯೋದನ್ನ ಮತ್ತು ಪಿ-ಟ್ರೇಸನ್ನ ತಡೆಯೋದು, ಅದನ್ನ ಹಾಕಿದ್ರೆ ಜಿಡಿಬಿ ಕೂಡ ಕೆಲಸ ಮಾಡಲ್ಲ. ಆರ್‌ಎಚ್‌ಇಎಲ್ 5, 6 (ರೆಡ್ ಹ್ಯಾಟ್‌ನ ಹಳೇ ಲಿನಕ್ಸ್ ಆವೃತ್ತಿಗಳು) ಇಟ್ಕೊಂಡವರಿಗೆ ಮೊದಲು ಸ್ವಲ್ಪ ಸಮಾಧಾನ ಆಗಿತ್ತು, ಅವುಗಳಲ್ಲಿ ಪ್ರಾಕ್-ಮೆಮ್‌ಗೆ ಬರೆಯೋಕೇ ಆಗಲ್ಲ, ಹೊರಗೆ ಓಡಾಡ್ತಿದ್ದ, ಬಗ್ ಬಳಸಿ ನುಗ್ಗೋ ಎಕ್ಸ್‌ಪ್ಲಾಯ್ಟ್ ಅಲ್ಲಿ ನಡೆಯಲ್ಲ ಅಂತ. ಪಿ-ಟ್ರೇಸ್ ಮೂಲಕ ಹೋಗೋ ಆವೃತ್ತಿ ಬಂದ ಮೇಲೆ ಆ ಸಮಾಧಾನನೂ ಹೋಯ್ತು. ಕಂಟೇನರ್ (ಪ್ರೋಗ್ರಾಮನ್ನ ಬೇರೆಯಾಗಿ ಕೂಡಿಹಾಕೋ ಗೂಡು) ಇದ್ಯಲ್ಲ ನಮಗೇನು ಅಂತಿದ್ದವರಿಗೂ ಉತ್ತರ ಬಂತು: ವಿಡಿಎಸ್‌ಒ ಅಂತ ಕರ್ನಲ್ ಎಲ್ಲಾ ಪ್ರೋಸೆಸ್‌ಗಳಿಗೂ ಹಂಚೋ ಒಂದು ಪುಟ್ಟ ಕೋಡ್ ತುಣುಕಿದೆ, ಕಂಟೇನರ್ ಒಳಗಿಂದ ಅದರ ಮೇಲೆ ಬರೆದ್ರೆ ಹೊರಗಿನ ರೂಟ್ ಪ್ರೋಸೆಸ್ ಬಂದು ಅದನ್ನೇ ಓಡಿಸುತ್ತೆ, ಅಲ್ಲಿಗೆ ಹೊರಗೆ ಬಂದ ಹಾಗೇ.

ಸರ್ವರ್‌ಗಳದ್ದು ಹೇಗೋ ಆಯ್ತು, ಒಂದು ತಿಂಗಳು ಕಷ್ಟಪಟ್ಟು ಮುಗಿಸಬಹುದು. ಫೋನ್‌ಗಳದ್ದೇ ದೊಡ್ಡ ಸಂಕಟ. ಆಂಡ್ರಾಯ್ಡ್ ಒಳಗಿರೋದು ಇದೇ ಕರ್ನಲ್, ಗೂಗಲ್ ಆ ವರ್ಷದ ಕೊನೆಗೆ ಪ್ಯಾಚ್ ಕೊಟ್ಟಿತು, ಆದ್ರೆ ಪ್ಯಾಚ್ ಗೂಗಲ್‌ನಿಂದ ಹೊರಟು ಫೋನ್ ಮಾಡಿದ ಕಂಪನಿ ದಾಟಿ ನಿಮ್ಮ ಕೈಗೆ ಬರಬೇಕು, ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಿಗೆ ಅದು ಬರ್ಲೇ ಇಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಕಂಪನಿ ಟ್ರೆಂಡ್ ಮೈಕ್ರೋ ಒಂದು ಮಾಲ್‌ವೇರ್ ಬಗ್ಗೆ ಬರೆಯಿತು, ಜೆಡ್‌ಎನ್‌ಐಯು ಅಂತ, ಡರ್ಟಿ ಕೌ ಬಳಸಿ ಫೋನ್ ರೂಟ್ ಮಾಡಿ ಹಿಂಬಾಗಿಲು ಇಡೋದು. 40ಕ್ಕೂ ಹೆಚ್ಚು ದೇಶಗಳಲ್ಲಿ ಕಂಡಿತ್ತು, ಅದಕ್ಕೆ ಸಿಕ್ಕಿಕೊಂಡವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ಬಗ್ ಸರಿಯಾಗಿ ಆಗ್ಲೇ ಹನ್ನೊಂದು ತಿಂಗಳಾಗಿತ್ತು. ಕರ್ನಲ್‌ನಲ್ಲಿ ಸರಿ ಆಯ್ತು ಅನ್ನೋದಕ್ಕೂ ನಮ್ಮೂರಿನ ಅಂಗಡಿಯಲ್ಲಿ ಮಾರೋ ಫೋನಿನಲ್ಲಿ ಸರಿ ಆಯ್ತು ಅನ್ನೋದಕ್ಕೂ ನಡುವೆ ಇರೋ ದೂರ ನೆನೆಸಿಕೊಂಡ್ರೆ ನನಗೆ ಈಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಆ ಫೋನ್ ಕೊಂಡವರಿಗೆ ಈ ಹೆಸರೇ ಕೇಳಿ ಗೊತ್ತಿರಲ್ಲ.

ಈ ಕಥೆ ಓದಿದ ಮೇಲೆ ನಾನು ನಮ್ಮ ಕೋಡ್ ರಿವ್ಯೂಗಳಲ್ಲಿ ಒಂದು ಕೇಳೋಕೆ ಶುರು ಮಾಡಿದೆ. ಯಾರಾದ್ರೂ ಒಂದು ಫಿಕ್ಸ್ ವಾಪಸ್ ತೆಗೆದ್ರೆ ಕಾರಣ ಬರೆದ್ರೆ ಸಾಲದು, ಆ ಕಾರಣ ಯಾವಾಗ ಸುಳ್ಳಾಗುತ್ತೆ ಅಂತನೂ ಬರೀಬೇಕು, ಮತ್ತೆ ಅದಕ್ಕೆ ಒಂದು ಟಿಕೆಟ್ ಓಪನ್ ಇರಬೇಕು. "ಹಳೇ ಡ್ರೈವರ್ ಇರೋ ಮಷಿನ್‌ಗಳು ಇನ್ನೂ ಇವೆ, ಅದಕ್ಕೆ ತೆಗೆದೆ" ಅಂದ್ರೆ, ಆ ಮಷಿನ್‌ಗಳು ಹೋದ ದಿನ ಯಾರಿಗೆ ಗೊತ್ತಾಗುತ್ತೆ? ಮೊದಮೊದಲು ಹುಡುಗರಿಗೆ ಇದು ಕಿರಿಕಿರಿ, ಕ್ಲೋಸ್ ಮಾಡೋಕಾಗದ ಟಿಕೆಟ್ ಯಾಕೆ ಸಾರ್ ಅಂತಾರೆ. ಆಮೇಲೆ ಎರಡು ವರ್ಷ ಹಳೇ ಟಿಕೆಟ್ ಒಂದನ್ನ ತೆಗೆದು "ಸಾರ್, ಇದನ್ನ ಈಗ ವಾಪಸ್ ಹಾಕಬಹುದಲ್ವಾ" ಅಂತ ಅವರೇ ಬಂದಾಗ ನನಗೆ ಆಗೋ ಖುಷಿ ಹೇಳೋಕಾಗಲ್ಲ.

ಇಷ್ಟೆಲ್ಲಾ ಆಗಿಯೂ 2016ರ ಫಿಕ್ಸ್ ಕೊನೆಯದಾಗ್ಲಿಲ್ಲ. ಡರ್ಟಿ ಬಿಟ್ ಇದ್ರೆ ಅದು ಕಾಪಿನೇ ಅನ್ನೋ ನಂಬಿಕೆಯ ಮೇಲೆ ಅದು ನಿಂತಿತ್ತಲ್ಲ, 2017ರ ನವೆಂಬರ್‌ನಲ್ಲಿ ದೊಡ್ಡ ಪೇಜ್‌ಗಳ ವಿಷಯದಲ್ಲಿ ಅದು ನಿಜ ಅಲ್ಲ ಅಂತ ಗೊತ್ತಾಯ್ತು. ಅಲ್ಲಿ ಬರೀ ಓದಿದ್ರೂ ಎಂಟ್ರಿಗೆ ಡರ್ಟಿ ಅಂತ ಗುರುತು ಹಾಕೋ ಒಂದು ಸಾಲು ಇತ್ತು, ಎಲ್ಲರೂ ಹಂಚಿಕೊಂಡಿರೋ ಸೊನ್ನೆ ತುಂಬಿದ ದೊಡ್ಡ ಪೇಜ್ ಮೇಲೂ ಬರೆಯೋಕೆ ಆಗ್ತಿತ್ತು. ಬೈಂಡೆಸಿ ಅನ್ನೋ ಕಂಪನಿಯವರು ಕಂಡುಹಿಡಿದ್ರು, ಹ್ಯೂಜ್ ಡರ್ಟಿ ಕೌ ಅಂತ ಹೆಸರಾಯ್ತು. ಮತ್ತೆ 2022ರಲ್ಲಿ ಅದೇ ನಂಬಿಕೆ ಇನ್ನೊಂದು ಕಡೆ, ಶೇರ್ಡ್ ಮೆಮೊರಿ ಫೈಲ್‌ಗಳಲ್ಲಿ, ಮುರೀತು, 5.16ರಿಂದ ಈಚೆಗೆ ಬಂದ ಹೊಸ ಕೋಡ್ ಅಲ್ಲಿ ಕಾಪಿ ಆಗದ ಪೇಜಿಗೂ ಡರ್ಟಿ ಗುರುತು ಹಾಕ್ತಿತ್ತು. ಆವಾಗ ಕರ್ನಲ್ ಡೆವಲಪರ್ ಡೇವಿಡ್ ಹಿಲ್ಡೆನ್‌ಬ್ರಾಂಡ್ ಫಾಲ್-ಕೌ ಫ್ಲ್ಯಾಗನ್ನೇ ಕಿತ್ತು ಹಾಕಿದ್ರು. ಡರ್ಟಿ ಬಿಟ್‌ನಿಂದ ಊಹೆ ಮಾಡೋ ಬದಲು, ಈ ಪೇಜ್ ಈ ಪ್ರೋಸೆಸ್‌ಗೆ ಮಾತ್ರ ಸೇರಿದ್ದು ಅಂತ ಪೇಜಿನ ಮೇಲೇ ನೇರವಾಗಿ ಇರೋ ಗುರುತನ್ನ ನೋಡೋ ಹಾಗೆ ಮಾಡಿದ್ರು. ನನ್ನ ಲೆಕ್ಕದಲ್ಲಿ ಈ ಬಗ್ ಬೇರು ಸಮೇತ ಹೋಗಿದ್ದು ಅವತ್ತು, 2005ರಿಂದ ಹದಿನೇಳು ವರ್ಷ ಆದ ಮೇಲೆ.

ಬಾಗಿಲು ಮಾತ್ರ ಇನ್ನೂ ಇದೆ, ಡೀಬಗರ್‌ಗೆ ಅದು ಬೇಕು. 2024ರ ಕೊನೆಗೆ ಬಂದ 6.12 ಕರ್ನಲ್‌ನಲ್ಲಿ ಅದಕ್ಕೊಂದು ಚಿಲಕ ಸಿಕ್ಕಿತು, ಪ್ರಾಕ್-ಮೆಮ್ ಮೂಲಕ ಬಲವಂತವಾಗಿ ಬರೆಯೋದನ್ನ ಪೂರ್ತಿ ನಿಲ್ಲಿಸಬಹುದು ಅಥವಾ ಪಿ-ಟ್ರೇಸ್ ಮಾಡ್ತಿರೋ ಪ್ರೋಸೆಸ್‌ಗೆ ಮಾತ್ರ ಬಿಡಬಹುದು, ಬೂಟ್ ಪ್ಯಾರಾಮೀಟರ್ ಕೊಟ್ರೆ ಸಾಕು. ಹಾಗೇ ಬಿಟ್ರೆ ಹಳೇ ನಡವಳಿಕೆಯೇ ಇರುತ್ತೆ, ನೀವೇ ಹಾಕ್ಬೇಕು. ನಮ್ಮ ಹೊಸ ಮಷಿನ್‌ಗಳಿಗೆ ಪಿ-ಟ್ರೇಸ್‌ಗೆ ಮಾತ್ರ ಅಂತ ಹಾಕಿದೀವಿ, ಜಿಡಿಬಿ ಚೆನ್ನಾಗೇ ಓಡ್ತಿದೆ, ಇಲ್ಲಿತನಕ ಯಾರೂ ದೂರು ತಂದಿಲ್ಲ. ಅದನ್ನ ಹಾಕಿದ ಕಮಿಟ್ ಮೆಸೇಜ್‌ನಲ್ಲಿ ಯಾಕೆ ಹಾಕಿದೀವಿ, ಯಾವಾಗ ತೆಗೆಯಬಹುದು ಅಂತ ಎರಡನ್ನೂ ಬರೆದು, ಟಿಕೆಟ್ ನಂಬರ್ ಕೂಡ ಹಾಕಿದೀವಿ.